ಅಯ್ಯೋ ಪಾಪ! ಯಾವ ಪಾಪ?

ನಮ್ಮ ಕೋಲಾರದ ಕಡೆ ‘ಪಾಪ’ ಅನ್ನುವ ಮಾತಿಗೆ ಮೂರು ಅರ್ಥ. ಒಂದು, ಮಾಡಬಾರದ್ದನ್ನು ಮಾಡಿ ಕಟ್ಟಿಕೊಳ್ಳುವ ಪಾಪ. ಇನ್ನೊಂದು, ಯಾರಿಗಾದರೂ ಕಷ್ಟ ಬಂದರೆ ತಾನಾಗಿ ಬಾಯಿಗೆ ಬರುವ ‘ಅಯ್ಯೋ ಪಾಪ’. ಮೂರನೆಯದು ತೊಟ್ಟಿಲ ಕೂಸು. ಕನ್ನಡ ಮನೆಮಾತಿನವರು ಪಾಪು ಅನ್ನುತ್ತಾರೆ, ತೆಲುಗು ಮನೆಮಾತಿನವರು ಪಾಪ ಅನ್ನುತ್ತಾರೆ. ಎರಡೂ ಬೆರೆತ ನಮ್ಮಲ್ಲಿ ಎರಡೂ ನಡೆಯುತ್ತದೆ.

ಶ್ರೀನಿವಾಸಪುರದ ಕಡೆ ಒಂದು ಹಳ್ಳಿಯಲ್ಲಿ ನಮ್ಮ ನೆಂಟರಿದ್ದಾರೆ. ಅವರ ಪಕ್ಕದ ಮನೆಯಲ್ಲಿ ಒಬ್ಬ ಹುಡುಗಿ. ಹನ್ನೊಂದೋ ಹನ್ನೆರಡೋ ವಯಸ್ಸು. ನಗು ಬಂದರೆ ತಕ್ಷಣ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹಲ್ಲಿನ ಮೇಲೆಲ್ಲ ಕಂದು ಪಟ್ಟೆ. ಅವಳ ಅಜ್ಜಿಗೆ ಮಂಡಿ ಮಡಚಲು ಆಗುವುದಿಲ್ಲ. ಬೆನ್ನು ಬಾಗಿ ಹಾಗೇ ನಿಂತುಬಿಟ್ಟಿದೆ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಆ ಅಜ್ಜಿ ಒಮ್ಮೆ ಮೊಮ್ಮಗಳನ್ನು ನೋಡುತ್ತಾ ಹೇಳಿದರು: ‘ಪಾಪ, ಯಾವ ಜನ್ಮದ ಪಾಪವೋ ಈ ಪಾಪಂದು.’

ಮೂರೂ ಅರ್ಥ ಒಂದೇ ಸಾಲಿನಲ್ಲಿ ಬಂದವು. ಅಜ್ಜಿಗೆ ಅದು ಗೊತ್ತಾಗಲಿಲ್ಲ, ಅವರು ಸುಮ್ನೆ ನಿಟ್ಟುಸಿರು ಬಿಟ್ಟರು. ಆದರೆ ಆ ಸಾಲಿನಲ್ಲಿ ಒಂದು ಜಗಳ ಇದೆ. ಅಯ್ಯೋ ಅನ್ನುವ ಕರುಳು ‘ಈ ಮಗುವಿಗೆ ಇದು ಬರಬಾರದಿತ್ತು’ ಅನ್ನುತ್ತದೆ. ಯಾವ ಜನ್ಮದ್ದೋ ಅನ್ನುವ ಬುದ್ಧಿ ‘ಬರಬೇಕಾದ್ದೇ ಬಂದಿದೆ’ ಅನ್ನುತ್ತದೆ. ಎರಡೂ ಹೇಗೆ ಸರಿ ಆಗುತ್ತವೆ?

ಗಂಟು ಎಲ್ಲಿದೆ ಅಂತ ಮೊದಲು ನೋಡೋಣ. ದೇವರಿಗೆ ಎಲ್ಲವನ್ನೂ ಮಾಡುವ ಶಕ್ತಿ ಇದೆ. ದೇವರು ಒಳ್ಳೆಯವನು, ನ್ಯಾಯವಂತ. ತಪ್ಪು ಮಾಡದವರೂ ನರಳುತ್ತಾರೆ. ಮೂರನ್ನೂ ಬಿಡಿಬಿಡಿಯಾಗಿ ಕೇಳಿದರೆ ಬಹಳಷ್ಟು ಜನ ತಲೆಯಾಡಿಸುತ್ತಾರೆ. ಮೂರನ್ನೂ ಒಟ್ಟಿಗೆ ಕೂರಿಸಲು ಹೋದಾಗ ಮಾತ್ರ ಎರಡೇ ಕುರ್ಚಿ ಇರುವುದು ಗೊತ್ತಾಗುತ್ತದೆ. ತಡೆಯುವ ಶಕ್ತಿ ಇದ್ದೂ ತಡೆಯದಿದ್ದರೆ ಒಳ್ಳೆಯವನು ಹೇಗೆ? ಮನಸ್ಸಿದ್ದೂ ತಡೆಯಲಾಗದಿದ್ದರೆ ದೇವರು ಹೇಗೆ? ಗ್ರೀಸಿನ ಎಪಿಕ್ಯೂರಸ್ ಹೀಗೆ ಕೇಳಿದ ಅಂತ ಹೇಳುವುದುಂಟು. ಯಾರು ಮೊದಲು ಕೇಳಿದರೇನು, ಮಗುವನ್ನು ಮಣ್ಣು ಮಾಡಿ ಬಂದ ಯಾವ ತಾಯಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ಒಂದು ವಿಷಯ ಗಮನಿಸಿ. ಇದು ನಂಬಿದವರ ಗಂಟು. ದೇವರೇ ಇಲ್ಲ ಅನ್ನುವವನಿಗೆ ದುಃಖ ಇರುತ್ತದೆ, ದೂರು ಇರುವುದಿಲ್ಲ. ದೂರು ಕೊಡಬೇಕಾದರೆ ಕಚೇರಿ ಅಂತ ಒಂದು ಇರಬೇಕಲ್ವಾ?

1710ರಲ್ಲಿ ಜರ್ಮನಿಯ ಲೈಬ್ನಿಟ್ಸ್ ಇದಕ್ಕೆ ‘ಥಿಯಾಡಿಸಿ’ ಅಂತ ಹೆಸರಿಟ್ಟ. ಗ್ರೀಕಿನ ದೇವರು, ನ್ಯಾಯ ಎಂಬ ಎರಡು ಮಾತುಗಳನ್ನು ಸೇರಿಸಿ ಕಟ್ಟಿದ ಪದ. ನಾನಾದರೆ ‘ದೇವರ ಪರ ವಕಾಲತ್ತು’ ಅನ್ನುತ್ತೇನೆ. ಲೈಬ್ನಿಟ್ಸನ ವಾದ ಇಷ್ಟು: ಆಗಬಹುದಾದ ಎಲ್ಲ ಜಗತ್ತುಗಳಲ್ಲಿ ಇದೇ ಉತ್ತಮ, ಒಂದು ಕಡೆ ಕಷ್ಟ ತೆಗೆದರೆ ಇನ್ನೊಂದು ಕಡೆ ಅದಕ್ಕಿಂತ ದೊಡ್ಡದು ಕೆಡುತ್ತದೆ. ನಲವತ್ತೈದು ವರ್ಷ ಆದ ಮೇಲೆ, 1755ರ ನವೆಂಬರ್ 1ರಂದು, ಲಿಸ್ಬನ್ ನಗರದಲ್ಲಿ ಭೂಮಿ ನಡುಗಿತು. ಅವತ್ತು ಎಲ್ಲ ಸಂತರ ಹಬ್ಬ. ಬೆಳಗಿನ ಹೊತ್ತು, ಚರ್ಚುಗಳು ತುಂಬಿದ್ದವು. ಪ್ರಾರ್ಥನೆಗೆ ಹೋದವರ ಮೇಲೆ ಚಾವಣಿ ಬಿತ್ತು, ಆಮೇಲೆ ಸಮುದ್ರ ಉಕ್ಕಿ ಬಂತು, ಆಮೇಲೆ ಬೆಂಕಿ. ಸತ್ತವರು ಹತ್ತಾರು ಸಾವಿರ. ‘ಇದೇ ಉತ್ತಮ ಜಗತ್ತು’ ಅನ್ನುವ ಮಾತು ಯುರೋಪಿನಲ್ಲಿ ಮತ್ತೆಂದೂ ಮೊದಲಿನ ಹಾಗೆ ನಿಲ್ಲಲಿಲ್ಲ.

ದೇವರ ಪರ ವಾದಿಸುವ ಈ ವಕೀಲರು ಸಾಮಾನ್ಯವಾಗಿ ಕಷ್ಟವನ್ನು ಎರಡು ಭಾಗ ಮಾಡುತ್ತಾರೆ. ಮನುಷ್ಯ ಮಾಡಿದ್ದು ಒಂದು: ಕೊಲೆ, ಮೋಸ, ಯುದ್ಧ. ತಾನಾಗಿ ಆಗುವುದು ಇನ್ನೊಂದು: ಭೂಕಂಪ, ರೋಗ, ಬರ. ಮೊದಲನೆಯದಕ್ಕೆ ಉತ್ತರ ಸುಲಭ. ಮನುಷ್ಯನಿಗೆ ಆಯ್ಕೆ ಮಾಡುವ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಅದನ್ನು ಕೆಟ್ಟದ್ದಕ್ಕೆ ಬಳಸಿದರೆ ಹೊಣೆ ದೇವರದ್ದಲ್ಲ. ಕೇಳಲು ಚೆನ್ನಾಗಿದೆ. ಆ ಹುಡುಗಿಯ ಹಲ್ಲಿನ ಹತ್ತಿರ ತಂದು ನೋಡೋಣ.

ಆ ಕಂದು ಪಟ್ಟೆಗೆ ಕಾರಣ ಫ್ಲೋರೈಡ್. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಆ ಕಡೆ ಪಾವಗಡ, ಎಲ್ಲ ಕಡೆ ಕೆಳಗಿರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಆ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯ ಬಿರುಕಿನಲ್ಲಿ ಎಷ್ಟು ಆಳದಲ್ಲಿ, ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಜಾಸ್ತಿ ಅದನ್ನು ಕರಗಿಸಿಕೊಳ್ಳುತ್ತದೆ. ಹಿಂದೆ ಕೆರೆ ತುಂಬಿ, ಆ ನೀರು ಇಂಗಿ, ಪಕ್ಕದ ತೆರೆದ ಬಾವಿಗೆ ಬರುತ್ತಿತ್ತು. ಮಳೆಯ ಹೊಸ ನೀರು. ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆ ಒತ್ತುವರಿ ಆಯಿತು, ನೀಲಗಿರಿ ತೋಪು ಬಂತು, ಬೋರ್‌ವೆಲ್ ಬಂತು. ಇನ್ನೂರು ಅಡಿ ಹೋಗಿ ಐನೂರಾಯಿತು, ಐನೂರು ಹೋಗಿ ಸಾವಿರವಾಯಿತು, ಅದೂ ದಾಟಿತು. ಹೊಸ ನೀರು ಮುಗಿದು ಹಳೇ ನೀರು ಮೇಲೆ ಬಂತು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಹಲ್ಲಿನ ಮೇಲ್ಪದರ ಕಟ್ಟುವ ವಯಸ್ಸಿನಲ್ಲಿ, ಅಂದರೆ ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದೊಳಗೆ, ಆ ನೀರು ಕುಡಿದರೆ ಕಲೆ ಬೀಳುತ್ತದೆ. ಆ ಕಲೆ ಉಜ್ಜಿದರೆ ಹೋಗುವಂಥದ್ದಲ್ಲ. ಹೆಚ್ಚು ಫ್ಲೋರೈಡಿನ ನೀರನ್ನು ಹತ್ತಾರು ವರ್ಷ ಕುಡಿದರೆ ಮೂಳೆ, ಕೀಲುಗಳೇ ಬಿಗಿಯುತ್ತವೆ. ಅಜ್ಜಿಯ ಕತ್ತಿಗೆ ಆದದ್ದು ಅದು.

ಈಗ ಹೇಳಿ, ಇದು ಮನುಷ್ಯ ಮಾಡಿದ್ದೋ, ತಾನಾಗಿ ಆದದ್ದೋ? ಬಂಡೆಯಲ್ಲಿ ಫ್ಲೋರೈಡ್ ಇಟ್ಟವರು ನಾವಲ್ಲ. ಬೋರ್ ಕೊರೆದವರು ನಾವೇ. ಕೊರೆಸಿದ ರೈತನಿಗೆ ಯಾವ ಮಗುವಿನ ಹಲ್ಲನ್ನೂ ಕೆಡಿಸುವ ಉದ್ದೇಶ ಇರಲಿಲ್ಲ, ಒಣಗುತ್ತಿದ್ದ ಟೊಮೇಟೊ ಉಳಿಸಿಕೊಳ್ಳಬೇಕಿತ್ತು ಅಷ್ಟೇ. ಎಲ್ಲರೂ ಸ್ವಲ್ಪ ಸ್ವಲ್ಪ ಮಾಡಿದರು, ಯಾರೂ ಪೂರ್ತಿ ಮಾಡಲಿಲ್ಲ. ಸ್ವಾತಂತ್ರ್ಯದ ವಾದ ಇಲ್ಲಿ ಕುಂಟುತ್ತದೆ. ಆಯ್ಕೆ ದೊಡ್ಡವರದ್ದು, ಬಿಲ್ಲು ಬಂದದ್ದು ಕೂಸಿಗೆ. ಸ್ವಾತಂತ್ರ್ಯ ಅಷ್ಟು ಬೆಲೆಯದ್ದೇ ಆಗಿದ್ದರೆ ಅದರ ಬೆಲೆ ಕಟ್ಟುವವರು ಅದನ್ನು ಅನುಭವಿಸಿದವರೇ ಆಗಬೇಕಿತ್ತಲ್ವಾ?

ನಮ್ಮಲ್ಲಿ ವಕಾಲತ್ತು ಬೇರೆ ದಾರಿ ಹಿಡಿಯಿತು. ಕರ್ಮ. ಇದನ್ನು ಹಣೆಬರಹ ಅಂತ ತಳ್ಳಿಹಾಕುವ ಮೊದಲು ಎಷ್ಟು ಯೋಚಿಸಿ ಕಟ್ಟಿದ್ದಾರೆ ಅಂತ ನೋಡಬೇಕು. ಬ್ರಹ್ಮಸೂತ್ರದಲ್ಲಿ ಆಕ್ಷೇಪವನ್ನು ನೇರವಾಗಿಯೇ ಎತ್ತುತ್ತಾರೆ. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿ ಅಲ್ವಾ, ಕ್ರೂರಿ ಅಲ್ವಾ? ಉತ್ತರ: ಅಲ್ಲ, ಏಕೆಂದರೆ ಅವನು ಪ್ರತಿಯೊಬ್ಬರ ಕರ್ಮವನ್ನು ನೋಡಿ ಕೊಡುತ್ತಾನೆ. ಶಂಕರರು ಇದಕ್ಕೆ ಮಳೆಯ ಉದಾಹರಣೆ ಕೊಟ್ಟರು. ಭತ್ತಕ್ಕೂ ಬಾರ್ಲಿಗೂ ಮಳೆ ಒಂದೇ. ಆದರೆ ಭತ್ತ ಭತ್ತವಾಗಿ, ಬಾರ್ಲಿ ಬಾರ್ಲಿಯಾಗಿ ಬೆಳೆಯುವುದು ಬೀಜದಿಂದ. ದೇವರು ಮಳೆ, ಕರ್ಮ ಬೀಜ.

ಮಳೆ ಎಂದರೆ ಮುಗಿಲು ನೋಡಿ ಕೂರುವ ನಮ್ಮ ಕಡೆಯವರಿಗೆ ಈ ಹೋಲಿಕೆ ಚೆನ್ನಾಗಿ ಅರ್ಥವಾಗುತ್ತದೆ. ಪಕ್ಕದ ಹೊಲಕ್ಕೆ ಬಿದ್ದು ನಮ್ಮ ಹೊಲಕ್ಕೆ ಬೀಳದ ಮಳೆಯ ಬಗ್ಗೆ ಶಂಕರರು ಏನು ಹೇಳುತ್ತಿದ್ದರೋ ಅಂತಲೂ ಅನ್ನಿಸುತ್ತದೆ.

ಹಾಗಾದರೆ ಮೊಟ್ಟಮೊದಲ ಬೀಜ ಬಿತ್ತಿದವರು ಯಾರು? ಮುಂದಿನ ಸೂತ್ರವೇ ಅದನ್ನು ಕೇಳಿ, ಸಂಸಾರಕ್ಕೆ, ಅಂದರೆ ಹುಟ್ಟು ಸಾವಿನ ಈ ಸುತ್ತಿಗೆ, ಮೊದಲು ಅನ್ನುವುದೇ ಇಲ್ಲ, ಅದು ಅನಾದಿ ಅನ್ನುತ್ತದೆ. ಮುಳಬಾಗಿಲಿನ ಶ್ರೀಪಾದರಾಜರು ಸೇರಿದ ಮಾಧ್ವ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೀವಗಳ ಸ್ವಭಾವವೇ ಬೇರೆ ಬೇರೆ, ಅದನ್ನೂ ದೇವರು ಹೊಸದಾಗಿ ಮಾಡಿದ್ದಲ್ಲ ಅನ್ನುತ್ತದೆ. ಬೌದ್ಧರಿಗೆ, ಜೈನರಿಗೆ ಸೃಷ್ಟಿ ಮಾಡಿ ತೀರ್ಪು ಕೊಡುವ ದೇವರೇ ಇಲ್ಲ, ಕರ್ಮ ಒಂದೇ ಇದೆ. ಹಾಗಾಗಿ ಅವರಿಗೆ ಈ ಗಂಟು ಇಷ್ಟು ಬಿಗಿಯಿಲ್ಲ.

ಕರ್ಮದ ವಾದಕ್ಕೆ ನಿಜವಾದ ಬಲ ಇದೆ. ಯಾವುದೂ ಕುರುಡು ಏಟಲ್ಲ, ಯಾರನ್ನೂ ದೇವರು ಕೈಬಿಟ್ಟಿಲ್ಲ, ಇವತ್ತು ಮಾಡುವ ಒಳ್ಳೆಯದು ವ್ಯರ್ಥ ಹೋಗುವುದಿಲ್ಲ. ನೋವಿನಲ್ಲಿರುವವರು ಇದನ್ನು ಹಿಡಿದುಕೊಂಡು ಎದ್ದು ನಿಂತದ್ದನ್ನು ನಾನೇ ನೋಡಿದ್ದೇನೆ. ತೊಂದರೆ ಎರಡು ಕಡೆ. ಅನಾದಿ ಅಂದಾಗ ಲೆಕ್ಕ ಹಿಂದಕ್ಕೆ ಹೋಗುತ್ತದೆ, ಮುಗಿಯುವುದಿಲ್ಲ. ಪಹಣಿಯಲ್ಲಿ ಸಾಲ ಇದೆ, ಸಾಲ ಪತ್ರದ ಮೊದಲ ಹಾಳೆ ಮಾತ್ರ ಎಲ್ಲೂ ಇಲ್ಲ. ಇನ್ನೊಂದು, ನೆನಪು. ಯಾವ ತಪ್ಪಿಗೆ ಶಿಕ್ಷೆ ಅಂತ ಗೊತ್ತಿಲ್ಲದವರಿಗೆ ಶಿಕ್ಷೆ ಏನು ಕಲಿಸುತ್ತದೆ? ಚಿಂತಾಮಣಿ ಕೋರ್ಟಿನಲ್ಲೂ ಮೊದಲು ಆರೋಪ ಓದಿ ಹೇಳುತ್ತಾರೆ.

ಇದನ್ನೇ ಹಿಡಿದು ಹುಟ್ಟಿದ ಜಾತಿಯನ್ನೂ ಹಿಂದಿನ ಪಾಪದ ಲೆಕ್ಕಕ್ಕೆ ಬರೆದರು. ಊರಾಚೆ ಇರಿಸಿದ್ದು ನಾವು, ಕಾರಣ ಹೇಳಿದ್ದು ದೇವರ ಹೆಸರಿನಲ್ಲಿ. ತನ್ನ ನೋವನ್ನು ತಾನೇ ಕರ್ಮ ಅಂದುಕೊಳ್ಳುವುದು ಬೇರೆ, ಇನ್ನೊಬ್ಬರ ನೋವನ್ನು ನಾವು ಕರ್ಮ ಅನ್ನುವುದೇ ಬೇರೆ. ಮಾತು ಒಂದೇ, ಹೇಳುವ ಬಾಯಿ ಬದಲಾದ ಕೂಡಲೇ ಸಮಾಧಾನ ಹೋಗಿ ತೀರ್ಪಾಗಿಬಿಡುತ್ತದೆ.

ಇದು ಈಗಿನ ಕಾಲದವರ ತಕರಾರು ಅಂದುಕೊಳ್ಳಬೇಡಿ. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಅನ್ನುವ ಋಷಿಯ ಕಥೆ ಇದೆ. ಅವನು ಮೌನ ಹಿಡಿದು ತಪಸ್ಸಿಗೆ ನಿಂತಿದ್ದ. ಕಳ್ಳರು ಓಡಿ ಬಂದು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟರು. ರಾಜಭಟರು ಕೇಳಿದರೆ ಋಷಿ ಬಾಯಿ ಬಿಡಲಿಲ್ಲ. ಅವನನ್ನೂ ಕಳ್ಳ ಅಂದು ಶೂಲಕ್ಕೆ ಏರಿಸಿದರು. ಅವನು ಸಾಯಲಿಲ್ಲ. ಆಮೇಲೆ ರಾಜನಿಗೆ ತಪ್ಪು ಗೊತ್ತಾಗಿ ಇಳಿಸಲು ಬಂದರೆ ಶೂಲ ಮೈಯಿಂದ ಹೊರಗೆ ಬರಲಿಲ್ಲ, ಬುಡದಲ್ಲಿ ಕತ್ತರಿಸಬೇಕಾಯಿತು. ಒಳಗೆ ಉಳಿದ ಶೂಲದ ತುದಿ ಹೊತ್ತೇ ಅವನು ಓಡಾಡಿದ. ಅಣಿ ಅಂದರೆ ಆ ತುದಿ. ಹಾಗಾಗಿ ಅವನು ಅಣಿಮಾಂಡವ್ಯ.

ಆ ಮುಳ್ಳು ಹೊತ್ತುಕೊಂಡೇ ಅವನು ಧರ್ಮದೇವತೆಯ ಮನೆಗೆ ಹೋದ. ನಾನು ಮಾಡಿದ್ದೇನು ಹೇಳು ಅಂದ. ಧರ್ಮದೇವತೆ ಕಡತ ನೋಡಿ ಹೇಳಿದ ಹಾಗೆ ಹೇಳಿದ: ಚಿಕ್ಕವನಿದ್ದಾಗ ನೀನು ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ, ಅದರ ಫಲ. ಇಲ್ಲಿ ಕಥೆ ತಲೆ ಬಾಗಿಸಿ ಮುಗಿಯಬಹುದಿತ್ತು. ಲೆಕ್ಕ ಸರಿಹೋಯಿತಲ್ಲ! ಮಾಂಡವ್ಯ ಬಾಗಲಿಲ್ಲ. ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಅಂತ ನ್ಯಾಯದ ದೇವರಿಗೇ ಶಾಪ ಕೊಟ್ಟ: ನೀನು ಭೂಮಿಯಲ್ಲಿ ಹುಟ್ಟು. ಆ ಶಾಪದಿಂದ ಹುಟ್ಟಿದವನು ವಿದುರ. (ಶೂದ್ರಯೋನಿಯಲ್ಲಿ ಹುಟ್ಟು ಅನ್ನುವುದೇ ಅಲ್ಲಿ ಶಾಪ. ಅನ್ಯಾಯ ಪ್ರಶ್ನಿಸುವ ಕಥೆಯ ಒಳಗೇ ಇನ್ನೊಂದು ಅನ್ಯಾಯ ಕೂತಿದೆ, ಅದನ್ನು ನೋಡದ ಹಾಗೆ ದಾಟಬಾರದು.) ಜೊತೆಗೆ ಮಾಂಡವ್ಯ ಒಂದು ಗೆರೆ ಎಳೆದ. ಇನ್ನು ಮೇಲೆ ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪ ಅನ್ನಿಸಿಕೊಳ್ಳುವುದಿಲ್ಲ.

ಕಾನೂನು ಬದಲಾಯಿತು. ಬದಲಾಯಿಸಿದ್ದು ದೇವರಲ್ಲ, ಮೈಯಲ್ಲಿ ಮುಳ್ಳು ಇದ್ದವನು. ಶ್ರೀನಿವಾಸಪುರದ ಅಜ್ಜಿಗೆ ಈ ಕಥೆ ಹೇಳಬೇಕು ಅಂತ ನನಗೆ ಬಹಳ ಸಲ ಅನ್ನಿಸಿದೆ.

ಹುಳುವಿನ ಮಾತು ಬಂತು. ಶಿಡ್ಲಘಟ್ಟದಲ್ಲಿ ದಿನಾ ಬೆಳಗ್ಗೆ ರೇಷ್ಮೆಗೂಡುಗಳು ಬಿಸಿನೀರಿಗೆ ಬೀಳುತ್ತವೆ, ಒಳಗಿನ ಹುಳುವಿನ ಸಮೇತ. ಆ ಕೆಲಸ ಮಾಡಿ ಬದುಕುವ ಮನೆಗಳು ಎಷ್ಟೋ. ಮಾತು ಬಾರದ ಪ್ರಾಣಿಗೆ ಹಿಂದಿನ ತಪ್ಪೂ ಇಲ್ಲ, ಮುಂದಿನ ಪಾಠವೂ ಇಲ್ಲ ಅನ್ನುವುದಾದರೆ ಅದರ ನೋವಿಗೆ ಯಾವ ವಕಾಲತ್ತೂ ಹೊಂದುವುದಿಲ್ಲ. ಹುಳುವಿಗೆ ಎಷ್ಟು ನೋವಾಗುತ್ತದೋ ನಾನು ಹೇಳಲಾರೆ. ನನ್ನ ಮದುವೆಯ ಪಂಚೆಯೂ ರೇಷ್ಮೆಯದ್ದೇ, ಹಾಗಾಗಿ ಇಲ್ಲಿ ಜಾಸ್ತಿ ಮಾತಾಡುವ ಹಕ್ಕೂ ನನಗಿಲ್ಲ.

ಬುದ್ಧನ ಹತ್ತಿರ ಒಬ್ಬ ಪರಿವ್ರಾಜಕ ಬಂದು, ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಅನ್ನುತ್ತಾರಲ್ಲ, ನೀವೇನು ಹೇಳುತ್ತೀರಿ ಅಂತ ಕೇಳಿದ. ಕರ್ಮವನ್ನು ಒಪ್ಪುವ ಬುದ್ಧ ಇದನ್ನು ಒಪ್ಪಲಿಲ್ಲ. ಕೆಲವು ನೋವು ಪಿತ್ತದಿಂದ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಮೂರೂ ಸೇರಿ, ಕೆಲವು ಹವಾಮಾನ ಬದಲಾಗಿ, ಕೆಲವು ಮೈ ಸರಿಯಾಗಿ ನೋಡಿಕೊಳ್ಳದೆ, ಕೆಲವು ಹೊರಗಿನ ಪೆಟ್ಟಿನಿಂದ. ಎಂಟನೆಯದು ಕರ್ಮ. ಎಂಟರಲ್ಲಿ ಒಂದು. ಎಲ್ಲವನ್ನೂ ಕರ್ಮ ಅನ್ನುವವರು ತಮಗೆ ಗೊತ್ತಿರುವುದನ್ನು ದಾಟಿ ಮಾತಾಡುತ್ತಿದ್ದಾರೆ ಅಂದ. ‘ನೀರು ಯಾವ ಬೋರಿನದ್ದು?’ ಅಂತ ಮೊದಲು ಕೇಳುವ ಡಾಕ್ಟರ ರೀತಿ ಇದು.

ಊರ ದೇವತೆಗಳ ಲೆಕ್ಕ ಪೂರ್ತಿ ಬೇರೆ. ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಬಂದಿದೆ’ ಅನ್ನುತ್ತೇವೆ. ಕೊಡುವವಳೂ ಅಮ್ಮ, ತೆಗೆಯುವವಳೂ ಅಮ್ಮ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ, ಚೇಳು ಕಡಿಯದಿರಲಿ ಅಂತ ಬೇಡಿಕೊಳ್ಳುವುದು ಚೇಳಿನ ಅಮ್ಮನ ಹತ್ತಿರವೇ. ಇಲ್ಲಿ ದೇವರು ನ್ಯಾಯಾಧೀಶೆ ಅಲ್ಲ, ಶಕ್ತಿ. ಮೂರು ಮಾತುಗಳಲ್ಲಿ ‘ಒಳ್ಳೆಯವನು’ ಅನ್ನುವುದನ್ನು ಸ್ವಲ್ಪ ಸಡಿಲ ಮಾಡಿದ ಹಾಗೆ. ನೋವಿಗೆ ಕಾರಣ ನಿನ್ನ ತಪ್ಪು ಅಂತ ಈ ನಂಬಿಕೆ ಯಾವಾಗಲೂ ಹೇಳುವುದಿಲ್ಲ, ಅದು ಅದರ ದೊಡ್ಡತನ. ಸಿಡುಬಿನ ಅಮ್ಮ ಮಾತ್ರ ಮತ್ತೆ ಬರಲಿಲ್ಲ. ಲಸಿಕೆ ಊರೂರಿಗೆ ತಲುಪಿ, 1980ರಲ್ಲಿ ಸಿಡುಬು ಲೋಕದಲ್ಲೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಇನ್ನೊಂದು ವಾದ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ ಹಾಗಿದೆ. ಚಿನ್ನವನ್ನು ಪುಟಕ್ಕಿಟ್ಟ ಹಾಗೆ ಕಷ್ಟ ನಮ್ಮನ್ನು ಶುದ್ಧ ಮಾಡುತ್ತದೆ ಅನ್ನುವ ವಾದ. ಜಾನ್ ಹಿಕ್ ಅನ್ನುವ ಇಂಗ್ಲೆಂಡಿನ ಚಿಂತಕ ಇದನ್ನು 1966ರಲ್ಲಿ ವಿಸ್ತಾರವಾಗಿ ಬೆಳೆಸಿದ. ಈ ಜಗತ್ತು ಸುಖವಾಗಿರಲು ಕಟ್ಟಿದ ಮನೆಯಲ್ಲ, ಆತ್ಮಗಳು ಹದಗೊಳ್ಳುವ ಕುಲುಮೆ. ನಿಜ, ಕಷ್ಟವೇ ಕಾಣದವರಲ್ಲಿ ಧೈರ್ಯ ಎಲ್ಲಿಂದ ಬರಬೇಕು? ಆದರೆ ಚಿನ್ನದ ಗಣಿಯ ಊರು ಕೆಜಿಎಫ್ ನೋಡಿದವರಿಗೆ ಪುಟಕ್ಕಿಡುವುದು ಅಂದರೆ ಇನ್ನೊಂದು ವಿಷಯವೂ ಗೊತ್ತು. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಅರೆದು ಉಳಿದ ಮಣ್ಣು ಸೈನೈಡ್ ಗುಡ್ಡಗಳಾಗಿ ಇನ್ನೂ ಅಲ್ಲೇ ಇದೆ, ಗಾಳಿ ಬಂದರೆ ಅದರ ಧೂಳು ಮನೆಯೊಳಗೆ ಬರುತ್ತದೆ. ಕಲ್ಲಿನ ಧೂಳು ಕುಡಿದು ಪುಪ್ಪುಸ ಕೆಟ್ಟ ಗಣಿ ಕಾರ್ಮಿಕರು ಯಾವ ಲೆಕ್ಕ? ಕುಲುಮೆಯಲ್ಲಿ ಚಿನ್ನವಾದವರು ಕಥೆ ಹೇಳುತ್ತಾರೆ. ಗುಡ್ಡವಾದವರು ಹೇಳಲು ಇರುವುದಿಲ್ಲ. ಎರಡು ವರ್ಷಕ್ಕೇ ಹೋದ ಕೂಸು ಏನು ಹದವಾಯಿತು?

ಕೆಜಿಎಫ್‌ನ ಚರ್ಚುಗಳಲ್ಲಿ ಯೋಬನ ಕಥೆ ಗೊತ್ತಿಲ್ಲದವರಿಲ್ಲ, ಮಸೀದಿಗೆ ಹೋಗುವವರಿಗೆ ಅವನು ಸಹನೆಯ ಅಯ್ಯೂಬ್. ಬೈಬಲಿನ ಯೋಬ ಅಷ್ಟೇನೂ ಸಹನೆಯವನಲ್ಲ, ಕಥೆಯ ಬಹುಪಾಲು ಅವನು ಜಗಳ ಆಡುತ್ತಾನೆ. ಮಕ್ಕಳು ಸತ್ತರು, ಆಸ್ತಿ ಹೋಯಿತು, ಮೈಯೆಲ್ಲ ಹುಣ್ಣು. ಮೂವರು ಗೆಳೆಯರು ಬಂದು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಜೊತೆಗೆ ಕೂತರು. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಆಮೇಲೆ ಬಾಯಿ ಬಿಟ್ಟು, ನೀನು ಏನೋ ತಪ್ಪು ಮಾಡಿರಲೇಬೇಕು, ದೇವರು ಸುಮ್ಮನೆ ಶಿಕ್ಷಿಸುವುದಿಲ್ಲ ಅಂತ ವಕಾಲತ್ತಿಗೆ ಶುರುಮಾಡಿದರು. ಯೋಬ ಒಪ್ಪಲಿಲ್ಲ. ಕೊನೆಗೆ ದೇವರು ಸುಂಟರಗಾಳಿಯೊಳಗಿಂದ ಮಾತಾಡಿದ, ಕಾರಣ ಮಾತ್ರ ಹೇಳಲಿಲ್ಲ. ಆದರೆ ಸಿಟ್ಟಾದದ್ದು ಆ ಗೆಳೆಯರ ಮೇಲೆ. ನನ್ನ ಬಗ್ಗೆ ಯೋಬ ಆಡಿದ ಹಾಗೆ ನೀವು ಸರಿಯಾಗಿ ಆಡಲಿಲ್ಲ ಅಂದ. ದೇವರು ತನ್ನ ವಕೀಲರನ್ನೇ ಬೈದು ಕಳಿಸಿದ!

ನಮ್ಮ ದ್ರೌಪದಿಯೂ ಇದೇ ಸಾಲಿನವಳು. ಕಾಡಿನಲ್ಲಿ ಧರ್ಮರಾಯನಿಗೆ ಕೇಳುತ್ತಾಳೆ: ಧರ್ಮ ಬಿಡದ ನೀನು ಇಲ್ಲಿ, ಮೋಸ ಮಾಡಿದವರು ಅರಮನೆಯಲ್ಲಿ. ಮಗು ಆಟದ ಸಾಮಾನಿನ ಜೊತೆ ಆಡುವ ಹಾಗೆ ಆ ವಿಧಾತ ನಮ್ಮ ಜೊತೆ ಆಡುತ್ತಿದ್ದಾನೆ. ಧರ್ಮರಾಯ, ಇದು ನಾಸ್ತಿಕರ ಮಾತು ಅನ್ನುತ್ತಾನೆ. ಆಮೇಲೆ ಇನ್ನೊಂದು ಹೇಳುತ್ತಾನೆ, ಅದು ನನಗೆ ಇಷ್ಟ: ನಾನು ಫಲಕ್ಕಾಗಿ ಧರ್ಮ ಮಾಡುತ್ತಿಲ್ಲ, ಧರ್ಮದಲ್ಲಿ ವ್ಯಾಪಾರ ಮಾಡುವವನು ಕೀಳು. ಅವಳ ಪ್ರಶ್ನೆಗೆ ಇದು ಉತ್ತರ ಅಲ್ಲ. ಲೆಕ್ಕ ಸರಿಹೋಗದಿದ್ದರೂ ನಾನು ಮಾಡುವುದನ್ನು ಮಾಡುತ್ತೇನೆ ಅಂದ ಅಷ್ಟೇ. ಗಂಡನ ಮಾತು ಶಾಸ್ತ್ರಕ್ಕೆ ಹತ್ತಿರ, ಹೆಂಡತಿಯ ಮಾತು ಸಂಕಟಕ್ಕೆ ಹತ್ತಿರ. ಕೋಲಾರದ ಧರ್ಮರಾಯನ ಗುಡಿಯಿಂದ ಕರಗ ಹೊರಟಾಗ ಮಲ್ಲಿಗೆ ಸುತ್ತಿ ತಲೆ ಮೇಲೆ ಹೊತ್ತು ಊರೆಲ್ಲ ತಿರುಗುವುದು ಯಾರನ್ನು? ವಿಧಾತನನ್ನು ದೂರಿದ ಆ ಹೆಣ್ಣನ್ನೇ.

ಮೊನ್ನೆ ಮತ್ತೆ ಶ್ರೀನಿವಾಸಪುರದ ಕಡೆ ಹೋಗಿದ್ದೆ. ಊರ ಬಾಗಿಲಲ್ಲಿ ಈಗ ಶುದ್ಧ ನೀರಿನ ಘಟಕ ಇದೆ. ಕಾಸು ಹಾಕಿದರೆ ಕ್ಯಾನ್ ತುಂಬುತ್ತದೆ. ಫ್ಲೋರೈಡ್ ಅದರ ಪೊರೆಯಲ್ಲಿ ಬಹುಪಾಲು ನಿಂತುಬಿಡುತ್ತದೆ. ಹುಡುಗಿಗೆ ಒಬ್ಬ ತಮ್ಮ, ಏಳು ವರ್ಷದವನು. ಅವನು ಹುಟ್ಟುವ ಹೊತ್ತಿಗೆ ಘಟಕ ಬಂದಿತ್ತು. ಹಾಲುಹಲ್ಲು ಬಿದ್ದು ಮುಂದಿನ ಎರಡು ಹೊಸ ಹಲ್ಲು ಬಂದಿವೆ, ಬೆಳ್ಳಗೆ, ಮುಖಕ್ಕಿಂತ ದೊಡ್ಡದಾಗಿ. ಕಾರಣ ಇಲ್ಲದೆ ನಗುತ್ತಿದ್ದ. ಅಕ್ಕ ಕ್ಯಾನ್ ಇಳಿಸಿ, ಅವನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿದಳು.

‘ಇದು ನಾಲ್ಕು ವರ್ಷ ಮೊದಲೇ ಬರಬಹುದಿತ್ತಲ್ವಾ ಮಾಮ?’ ಅಂದಳು.

ಅಜ್ಜಿ ಜಗಲಿಯಲ್ಲಿ ಇಡೀ ಮೈ ತಿರುಗಿಸಿ ನಮ್ಮ ಕಡೆ ನೋಡಿದರು. ನಾನು ಹೌದು ಅಂದೆ. ಬರಬಹುದಿತ್ತು.